ಬೂತಾಯಿಯ ಹೊಟ್ಟೆಯಲ್ಲಿ ಸಿಕ್ಕ ಮಳೆಗಾಲ

ಕರ್ನಾಟಕ ಮತ್ತು ಮಲಬಾರ್ ಕರಾವಳಿಯ ಕಡಲಿನಲ್ಲಿ ಪ್ಲವಕಗಳಿಗೆ ಮಳೆಗಾಲವೇ ಸುಗ್ಗಿ. ಯುರೋಪಿನ ತಣ್ಣನೆಯ ಸಮುದ್ರಗಳಲ್ಲಿ ಇವು ವಸಂತದಲ್ಲಿ ಹೆಚ್ಚುತ್ತವೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಹುಪಾಲು ದೋಣಿಗಳು ದಡ ಹತ್ತಿ ಕೂತಿರುವಾಗ. ನೀರಿನ ಸೆಳೆತಕ್ಕೆ ಸಿಕ್ಕಿ ತೇಲುವ ಈ ಜೀವಿಗಳಿಗೆ ಪ್ಲಾಂಕ್ಟನ್ ಎಂಬ ಹೆಸರನ್ನು 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸೆನ್ ಕೊಟ್ಟರು. ಈ ತೀರದಲ್ಲಿ ಅವುಗಳ ಅಧ್ಯಯನಕ್ಕೆ ದಾರಿ ಮಾಡಿದ್ದು ಮಾತ್ರ ಮೀನು, ಮೀನೆಣ್ಣೆಯ ವ್ಯಾಪಾರ.

ತುಳುನಾಡಿನ ಬೂತಾಯಿ, ಕಾರವಾರದ ತಾರ್ಲೆ, ಎರಡೂ ಒಂದೇ ಮೀನು. ಮಳೆ ಕಳೆಯುತ್ತಲೇ ಅದು ಕೊಬ್ಬಿ ದಡದತ್ತ ಬರುತ್ತಿತ್ತು. ತಿಂದು, ಒಣಗಿಸಿ ಮಿಕ್ಕದ್ದನ್ನು ಹಂಡೆಗಳಲ್ಲಿ ಬೇಯಿಸಿ, ನಾರಿನ ಚೀಲಕ್ಕೆ ತುಂಬಿ ಒತ್ತಿ ಎಣ್ಣೆ ತೆಗೆಯುತ್ತಿದ್ದರು. ಉಳಿದ ಹಿಂಡಿ ಗೊಬ್ಬರವಾಗುತ್ತಿತ್ತು, ಎಣ್ಣೆಯಲ್ಲಿ ಒಂದು ಪಾಲು ದೋಣಿಯ ಹಲಗೆಗೆ ಹೋಗುತ್ತಿತ್ತು. ಆದರೆ ಒಂದು ವರ್ಷ ರಂಪಣಿ ಬಲೆ ಎಳೆದು ಕೈ ಸೋಲುವಷ್ಟು ಮೀನು, ಇನ್ನೊಂದು ವರ್ಷ ಬಲೆ ಬರಿದು.

ಕಾರಣ ಹುಡುಕಿದ್ದು ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆ; ದಕ್ಷಿಣ ಕನ್ನಡವೂ ಮಲಬಾರೂ ಆಗ ಅದೇ ಪ್ರಾಂತ್ಯದಲ್ಲಿದ್ದವು. 1920ರ ದಶಕದಲ್ಲಿ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಬೂತಾಯಿಯ ಬದುಕಿನ ಬಗ್ಗೆ ಬರೆದ ವರದಿಯಲ್ಲೇ ಮಲಬಾರ್ ತೀರದ ಪ್ಲವಕಗಳ ಟಿಪ್ಪಣಿಯೂ ಇತ್ತು. ಎರಡನ್ನೂ ಒಟ್ಟಿಗಿಟ್ಟದ್ದೇ ಅದರ ಹೆಚ್ಚುಗಾರಿಕೆ. ಬೂತಾಯಿಯ ಕಿವಿರಿನಲ್ಲಿ ಹಣಿಗೆಯ ಹಲ್ಲಿನಂಥ ಒತ್ತಾದ ಎಳೆಗಳಿವೆ. ನೀರನ್ನು ಸೋಸಿ ಪ್ಲವಕ ಹಿಡಿಯುವ ಜರಡಿ ಅದು. ಅದರ ಹೊಟ್ಟೆಯಲ್ಲಿ ಸಿಗುವ ಲೋಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಗಾಜಿನಂಥ ಸಿಲಿಕಾ ಚಿಪ್ಪಿನ ಡಯಾಟಮ್‌ಗಳು ಕಾಣುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯಾ ಓಶಿಯಾನಿಕಾ ಒಂದಕ್ಕೊಂದು ಅಂಟಿ ಪಟ್ಟಿ ಕಟ್ಟುವ ಜಾತಿ. ಇದು ಹೆಚ್ಚಿದ್ದಲ್ಲಿ ಬೂತಾಯಿಯೂ ಹೆಚ್ಚು ಎಂದು ಮುಂದಿನ ಸಂಶೋಧಕರು ಗುರುತಿಸಿದರು.

1947ರಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ ಕೆಲಸಕ್ಕೆ ಕ್ರಮ ಬಂತು. ಕಲ್ಲಿಕೋಟೆಯ ಕಡಲಿನ ಮಾದರಿಗಳನ್ನು ಪರೀಕ್ಷಿಸಿ 1959ರಲ್ಲಿ ಸಂಸ್ಥೆಯ ಆರ್. ಸುಬ್ರಹ್ಮಣ್ಯನ್ ಪ್ರಕಟಿಸಿದ ಅಧ್ಯಯನ ಮಳೆಗಾಲದ ಏರಿಕೆಯನ್ನು ಖಚಿತಪಡಿಸಿತು. ಮುಂಗಾರಿನ ಗಾಳಿ ಮೇಲುನೀರನ್ನು ದಡದಿಂದಾಚೆ ಸರಿಸುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ನೈಟ್ರೇಟ್, ಫಾಸ್ಫೇಟ್ ಹೊತ್ತು ಮೇಲೇಳುತ್ತದೆ. ನೆರೆಯ ಹೊಳೆಗಳು ಸಿಲಿಕೇಟ್ ತರುತ್ತವೆ. ಡಯಾಟಮ್‌ಗಳಿಗೆ ಬೇಕಾದದ್ದೆಲ್ಲ ಒಂದೇ ಹೊತ್ತಿಗೆ ಒದಗುತ್ತದೆ. ಅವನ್ನು ಮೇಯುವ ಕೋಪೆಪಾಡ್‌ನಂಥ ಪ್ರಾಣಿಪ್ಲವಕಗಳು ಹಿಂದೆಯೇ ಹೆಚ್ಚುತ್ತವೆ.

ಆದರೂ 1940ರ ದಶಕದಲ್ಲಿ ಬೂತಾಯಿ ವರ್ಷಗಟ್ಟಲೆ ಕೈಕೊಟ್ಟಂಥ ಘಟನೆಗಳನ್ನು ಪ್ಲವಕವೊಂದರಿಂದಲೇ ವಿವರಿಸಲು ಆಗಿಲ್ಲ.

ಬೇಸಗೆಯ ಚಿತ್ರವೇ ಬೇರೆ. ಫೆಬ್ರವರಿಯ ನಂತರ ನೀರು ಬಿಸಿಯಾಗಿ, ಪೋಷಕಾಂಶ ಕಡಿಮೆಯಾದಾಗ ಗಾಳಿಯ ಸಾರಜನಕವನ್ನೇ ಬಳಸಬಲ್ಲ ಟ್ರೈಕೊಡೆಸ್ಮಿಯಂ ಎಂಬ ಪ್ಲವಕ ತಲೆಯೆತ್ತುತ್ತದೆ. 1960ರ ದಶಕದಲ್ಲಿ ಮಂಗಳೂರಿನ ಕಡಲಿನಲ್ಲೂ ಇದು ದಾಖಲಾಗಿದೆ. ಗಾಳಿಯಿಲ್ಲದ ದಿನ ಮರದ ಹೊಟ್ಟು ಚೆಲ್ಲಿದಂತೆ ಕಂದು ಪಟ್ಟಿಗಳಾಗಿ ತೇಲುವ ಅದು, ಮುಂಗಾರು ಕಡಲನ್ನು ಕದಡಿದೊಡನೆ ಚದುರಿಹೋಗುತ್ತದೆ.