ಕಸದ ತಾಣಗಳ ಅಂತರ್ಜಲ ಮಾಲಿನ್ಯದ ಭೂಭೌತ ಸಮೀಕ್ಷೆ

ನೆಲವನ್ನು ಅಗೆಯದೆ ಅದರೊಳಗಿನ ಪದರಗಳ ಭೌತಿಕ ಗುಣಗಳನ್ನು ಮೇಲ್ಮೈಯಿಂದಲೇ ಅಳೆಯುವ ವಿಧಾನವೇ ಭೂಭೌತ ಸಮೀಕ್ಷೆ. ಕಸ ಸುರಿಯುವ ತಾಣಗಳಿಂದ ಅಂತರ್ಜಲಕ್ಕೆ ಸೇರಿದ ಮಾಲಿನ್ಯವು ಯಾವ ದಿಕ್ಕಿಗೆ, ಎಷ್ಟು ದೂರ ಹರಡಿದೆ ಎಂಬುದನ್ನು ಅಂದಾಜಿಸಲು ಇದನ್ನು ಬಳಸುತ್ತಾರೆ.

ತತ್ತ್ವ

ಕೊಳೆಯುವ ಕಸದ ಮೂಲಕ ಮಳೆನೀರು ಇಳಿದಾಗ ಲೀಚೇಟ್ ಎಂಬ ಕಲುಷಿತ ದ್ರವ ಉಂಟಾಗುತ್ತದೆ. ಅದರಲ್ಲಿ ಕ್ಲೋರೈಡ್, ಸೋಡಿಯಂ, ಅಮೋನಿಯಂ ಮೊದಲಾದವು ಕರಗಿರುತ್ತವೆ. ನೀರಿನಲ್ಲಿ ಲವಣಾಂಶ ಹೆಚ್ಚಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅಂದರೆ ರೋಧಕತೆ ಕಡಿಮೆಯಾಗುತ್ತದೆ. ಬಿರುಕಿಲ್ಲದ ಗ್ರಾನೈಟ್ ಬಂಡೆಯ ರೋಧಕತೆ ಸಾಮಾನ್ಯವಾಗಿ 1000 ಓಮ್-ಮೀಟರ್‌ಗಿಂತ ಹೆಚ್ಚು. ಲೀಚೇಟ್ ತುಂಬಿದ ನೆಲದಲ್ಲಿ ಅದು ಹಲವೊಮ್ಮೆ 10 ಓಮ್-ಮೀಟರ್‌ಗಿಂತ ಕೆಳಗಿಳಿಯುತ್ತದೆ.

ವಿಧಾನ

ನಾಲ್ಕು ಲೋಹದ ಸರಳುಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಣ ವಿಭವಾಂತರವನ್ನು ಅಳೆಯಲಾಗುತ್ತದೆ. ಸರಳುಗಳ ಅಂತರ ಹೆಚ್ಚಿಸಿದಂತೆ ಹೆಚ್ಚಿನ ಆಳದ ಮಾಹಿತಿ ದೊರೆಯುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ ಮತ್ತು ಅಮೆರಿಕದ ಫ್ರಾಂಕ್ ವೆನ್ನರ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದರು. ಕೊಳವೆಬಾವಿಗೆ ಜಾಗ ಗುರುತಿಸಲು ಭೂವಿಜ್ಞಾನಿಗಳು ಬಳಸುವುದೂ ಇದೇ ವಿಧಾನವನ್ನು.

ಧಾರವಾಡ ಜಿಲ್ಲೆಯ ಸನ್ನಿವೇಶ

ಹುಬ್ಬಳ್ಳಿಯ ಕಾರವಾರ ರಸ್ತೆ ಮತ್ತು ಧಾರವಾಡದ ಹೊಸಯಲ್ಲಾಪುರದಲ್ಲಿ ನಗರದ ಕಸ ಸುರಿಯುವ ತಾಣಗಳಿವೆ. ಆದರೆ ಈ ಜಿಲ್ಲೆಯಲ್ಲಿ ಕಡಿಮೆ ರೋಧಕತೆಯೊಂದೇ ಮಾಲಿನ್ಯಕ್ಕೆ ಸಾಕ್ಷ್ಯವಾಗಲಾರದು. ನವಲಗುಂದ, ಅಣ್ಣಿಗೇರಿ ಭಾಗದ ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಒದ್ದೆ ಜೇಡಿಯೂ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಅಲ್ಲಿ ಹಲವೆಡೆ ಅಂತರ್ಜಲವು ಸಹಜವಾಗಿಯೇ ಉಪ್ಪು. ಜೇಡಿಯನ್ನೂ ಲವಣಯುಕ್ತ ನೀರನ್ನೂ ಬೇರ್ಪಡಿಸಿ ಗುರುತಿಸಲು ಪ್ರೇರಿತ ಧ್ರುವೀಕರಣ ಮಾಪನವು ನೆರವಾಗುತ್ತದೆ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಅರೆಮಲೆನಾಡಿನ ಊರುಗಳ ಸ್ಥಿತಿ ಬೇರೆ. ಗಟ್ಟಿ ಶಿಲೆಯ ಈ ಭಾಗದಲ್ಲಿ ನೀರು ಶಿಥಿಲ ಪದರ ಹಾಗೂ ಬಿರುಕುಗಳಲ್ಲಿ ಚಲಿಸುತ್ತದೆ. ಕಿರಿದಾದ ಬಿರುಕಿನಲ್ಲಿ ಸಾಗುವ ಮಾಲಿನ್ಯವು ಒಂದೇ ಸಾಲಿನ ಅಳತೆಗೆ ಸಿಗದೇ ಹೋಗಬಹುದು. ಆದ್ದರಿಂದ ನೀರಿನ ಹರಿವಿಗೆ ಅಡ್ಡಲಾಗಿ ಹಲವು ಸಾಲುಗಳಲ್ಲಿಯೂ, ಹೋಲಿಕೆಗಾಗಿ ತಾಣದ ಮೇಲ್ಭಾಗದಲ್ಲಿಯೂ, ಮಳೆಗಾಲದ ಮುನ್ನ ಮತ್ತು ನಂತರ ಅಳೆಯುವುದು ಸೂಕ್ತ.

ನೀರಿನ ಪರೀಕ್ಷೆ

ಸಮೀಕ್ಷೆಯು ಎಲ್ಲಿ ಕೊರೆದು ನೀರಿನ ಮಾದರಿ ಪಡೆಯಬೇಕೆಂಬುದನ್ನು ಸೂಚಿಸುತ್ತದೆ. ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಪ್ರಯೋಗಾಲಯವೇ ನಿರ್ಧರಿಸಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರತಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಆದರೆ ನೈಟ್ರೇಟ್ ರಸಗೊಬ್ಬರ ಮತ್ತು ಚರಂಡಿ ನೀರಿನಿಂದಲೂ ಬರುವುದರಿಂದ, ಅದನ್ನು ಇತರ ಸೂಚಕಗಳೊಂದಿಗೆ ಹೋಲಿಸಬೇಕಾಗುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಭೂಭರ್ತಿ ತಾಣದ ಅಂಚಿನಿಂದ 50 ಮೀಟರ್ ವ್ಯಾಪ್ತಿಯ ಅಂತರ್ಜಲವನ್ನು ಬೇಸಿಗೆ, ಮಳೆಗಾಲ ಹಾಗೂ ಮಳೆಗಾಲದ ನಂತರ ಪರೀಕ್ಷಿಸಬೇಕೆಂದು ವಿಧಿಸಿದವು.

ತಾಣವನ್ನು ಮುಚ್ಚಿದ ಮಾತ್ರಕ್ಕೆ ಈ ನಿಗಾ ಮುಗಿಯುವುದಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ಗ್ರಾಮಸ್ಥರ ವಿರೋಧದ ಬಳಿಕ 2012ರಲ್ಲಿ ಕಸ ಸುರಿಯುವುದು ನಿಂತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿನ ಲೀಚೇಟನ್ನು ಅಧ್ಯಯನ ಮಾಡಿದ್ದಾರೆ. ಹೂತ ಕಸದ ಮೂಲಕ ಮಳೆನೀರು ಇಳಿಯುತ್ತಿರುವವರೆಗೂ ಲೀಚೇಟ್ ಉತ್ಪತ್ತಿಯಾಗುತ್ತಲೇ ಇರುತ್ತದೆ.