ಪುಟ್ಟ ನಾಡಿನ ಪ್ರಶಸ್ತಿ ಪಟ್ಟಿ: ಐಸ್‌ಲ್ಯಾಂಡ್ ಬಾಸ್ಕೆಟ್‌ಬಾಲಿನ ಇತಿಹಾಸದಿಂದ ನಾವು ತಿಳಿಯಬೇಕಾದದ್ದು



ಪ್ರಶಸ್ತಿ ಗಳಿಸಿದವರ ಪಟ್ಟಿಯನ್ನು ನಾವು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಓದುತ್ತೇವೆ. ಯಾರು ಗೆದ್ದರು, ಎಷ್ಟು ಸಲ ಗೆದ್ದರು, ದಾಖಲೆ ಯಾರ ಹೆಸರಿನಲ್ಲಿದೆ ಎಂದು ನೋಡಿ ಪುಟ ಮಗುಚುತ್ತೇವೆ. ಆದರೆ ಅದೇ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿದರೆ, ಆ ಪ್ರಶಸ್ತಿಗಳನ್ನು ಸಾಧ್ಯವಾಗಿಸಿದ ಊರುಗಳು, ಸಂಘಗಳು ಮತ್ತು ಶಾಲೆಗಳ ಚರಿತ್ರೆಯೇ ಅದರಲ್ಲಿ ಸಿಗುತ್ತದೆ. ಇದಕ್ಕೊಂದು ನಿದರ್ಶನವಾಗಿ ಐಸ್‌ಲ್ಯಾಂಡ್ ದೇಶದ ಪುರುಷರ ಬಾಸ್ಕೆಟ್‌ಬಾಲನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಐಸ್‌ಲ್ಯಾಂಡ್ ಉತ್ತರ ಅಟ್ಲಾಂಟಿಕ್ ಸಾಗರದ ಒಂದು ದ್ವೀಪ ರಾಷ್ಟ್ರ. ಜನಸಂಖ್ಯೆ 4 ಲಕ್ಷಕ್ಕಿಂತ ಕಡಿಮೆ. ಹಿಮನದಿ, ಜ್ವಾಲಾಮುಖಿ, ಮೀನುಗಾರಿಕೆ ಇವೇ ಅದರ ಗುರುತು. ಚಳಿಗಾಲದಲ್ಲಿ ಹಗಲು ಕೆಲವೇ ಗಂಟೆಗಳು. ಇಂತಹ ನಾಡಿನಲ್ಲಿ ಸೂರಿನಡಿಯ ಆಟಕ್ಕೆ ಇರುವ ಬೆಲೆಯನ್ನು ನೀವು ಊಹಿಸಿಕೊಳ್ಳಬಹುದು. ಹೆಸರುಗಳ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ತಂದೆಯ ಹೆಸರಿಗೆ ‘ಸನ್’, ಅಂದರೆ ಮಗ ಎಂದು ಸೇರಿಸುತ್ತಾರೆ. ಮುಂದೆ ಬರುವ ಹೆಸರುಗಳೆಲ್ಲ ಹೀಗೇಕೆ ಕೊನೆಗೊಳ್ಳುತ್ತವೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಆಟ ಬಂದ ದಾರಿ

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಬೇಕೆಂದು ಈ ಆಟವನ್ನು ರೂಪಿಸಿದರು. ಐಸ್‌ಲ್ಯಾಂಡಿನಲ್ಲಿ ಅದು ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ಯುದ್ಧಕಾಲದಲ್ಲಿ ಅಮೆರಿಕದ ಸೇನೆ ದೇಶದ ನೈರುತ್ಯ ಮೂಲೆಯ ಕೆಫ್ಲಾವಿಕ್ ಬಳಿ ದೊಡ್ಡ ವಿಮಾನ ನಿಲ್ದಾಣವನ್ನು ಕಟ್ಟಿತ್ತು. 1951ರ ರಕ್ಷಣಾ ಒಪ್ಪಂದದ ಮೇರೆಗೆ ಅದು ಮತ್ತೆ ಅಲ್ಲಿ ನೆಲೆಯೂರಿತು. ವಿದೇಶಿ ಸೈನಿಕರು ತಮ್ಮ ನೆಲದಲ್ಲಿರಬೇಕೇ ಬೇಡವೇ ಎಂಬುದು ಆ ದೇಶದ ರಾಜಕೀಯವನ್ನು ದಶಕಗಳ ಕಾಲ ಕಾಡಿದ ವಿವಾದ. ಆದರೆ ಸೈನಿಕರ ಜೊತೆ ಬಂದ ಆಟವನ್ನು ಅಲ್ಲಿನ ಯುವಕರು ತಮ್ಮದಾಗಿಸಿಕೊಂಡರು.

ರಾಷ್ಟ್ರೀಯ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1952ರಲ್ಲಿ. ಗೆದ್ದವರು ಯಾರು ಗೊತ್ತೇ? ಕೆಫ್ಲಾವಿಕ್ ವಿಮಾನ ನಿಲ್ದಾಣದ ಐಸ್‌ಲ್ಯಾಂಡ್ ನೌಕರರು ಕಟ್ಟಿಕೊಂಡ ಐ.ಕೆ.ಎಫ್. ಎಂಬ ಕ್ಲಬ್. ಅದು 1952, 1953, 1956 ಮತ್ತು 1958ರಲ್ಲಿ ಪ್ರಶಸ್ತಿ ಪಡೆಯಿತು. 1959ರಲ್ಲಿ ಪ್ರಶಸ್ತಿ ಹೋದದ್ದು ವಿದ್ಯಾರ್ಥಿಗಳ ಕ್ಲಬ್ಬಿಗೆ. ಆಟವನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾದದ್ದು 1961ರ ಜನವರಿ 29ರಂದು, ಅಂದರೆ ಮೊದಲ ಚಾಂಪಿಯನ್‌ಷಿಪ್ ನಡೆದು ಸುಮಾರು ಒಂಬತ್ತು ವರ್ಷಗಳ ಬಳಿಕ! ಮೊದಲು ಆಡುವವರು ಕೂಡಿದರು, ಸಂಸ್ಥೆ ಅನಂತರ ಬಂತು ಎಂಬುದನ್ನು ನೆನಪಿಡಿ.

ರಾಜಧಾನಿ ರೇಕ್ಯಾವಿಕ್‌ನಲ್ಲಿ ಆಗ ಸರಿಯಾದ ಕ್ರೀಡಾಂಗಣವೂ ಇರಲಿಲ್ಲ. ಯುದ್ಧಕಾಲದ ಸೇನೆ ಬಿಟ್ಟುಹೋಗಿದ್ದ ಹಾಲೊಗಲಾಂಡ್ ಎಂಬ ಕಟ್ಟಡದಲ್ಲೇ ಪಂದ್ಯಗಳು ನಡೆಯುತ್ತಿದ್ದವು. 1965ರ ಡಿಸೆಂಬರಿನಲ್ಲಿ ಲೌಗರ್‌ದಾಲ್ ಕ್ರೀಡಾಂಗಣ ತೆರೆದ ಮೇಲೆ ಪರಿಸ್ಥಿತಿ ಬದಲಾಯಿತು. ಚದುರಂಗ ಪ್ರಿಯರಿಗೆ ಈ ಕಟ್ಟಡ ಅಪರಿಚಿತವಲ್ಲ. 1972ರಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ವಿಶ್ವ ಪಟ್ಟಕ್ಕಾಗಿ ಸೆಣಸಿದ್ದು ಇಲ್ಲಿಯೇ.

ಪಟ್ಟಿಯ ಮೂರು ಕಾಲಘಟ್ಟಗಳು

ಈಗ ಚಾಂಪಿಯನ್ನರ ಪಟ್ಟಿಯನ್ನು ನೋಡೋಣ. ಮೊದಲ ಕಾಲಘಟ್ಟ ರೇಕ್ಯಾವಿಕ್ ನಗರದ್ದು. ಅಲ್ಲಿನ ಐ.ಆರ್. ಕ್ಲಬ್ 1954ರಿಂದ 1977ರ ನಡುವೆ 15 ಸಲ ಚಾಂಪಿಯನ್ ಆಯಿತು. 1960ರಿಂದ 1964ರವರೆಗೆ ಸತತ ಐದು ಸಲ, 1969ರಿಂದ 1973ರವರೆಗೆ ಮತ್ತೆ ಸತತ ಐದು ಸಲ. ನಡುವಿನ 1965ರಿಂದ 1968ರ ನಾಲ್ಕು ಪ್ರಶಸ್ತಿಗಳು ಅದೇ ನಗರದ ಕೆ.ಆರ್. ಕ್ಲಬ್ಬಿನ ಪಾಲಾದವು.

ಎರಡನೆಯ ಕಾಲಘಟ್ಟ ವಿಮಾನ ನಿಲ್ದಾಣದ ಸುತ್ತಲಿನ ರೇಕ್ಯಾನೆಸ್ ಪರ್ಯಾಯ ದ್ವೀಪದ್ದು. ಐ.ಕೆ.ಎಫ್. 1969ರಲ್ಲಿ ಪಕ್ಕದ ಊರಾದ ನ್ಯಾರ್ಡ್‌ವಿಕ್‌ನ ಯುವಕ ಸಂಘದೊಂದಿಗೆ ಸೇರಿಹೋಗಿತ್ತು. ಅದರ ಫಲ ಕಂಡದ್ದು 1981ರಿಂದ. ಆ ವರ್ಷದಿಂದ 2008ರವರೆಗಿನ 28 ಪ್ರಶಸ್ತಿಗಳನ್ನು ಎಣಿಸಿ ನೋಡಿ. ನ್ಯಾರ್ಡ್‌ವಿಕ್ 13, ಕೆಫ್ಲಾವಿಕ್ 9, ಗ್ರಿಂಡಾವಿಕ್ 1, ಒಟ್ಟು 23. ಲಾವಾ ಹರಡಿದ ಆ ಚಾಚಿನ ಮೀನುಗಾರರ ಊರುಗಳು ಇಡೀ ದೇಶಕ್ಕೆ ಐದನ್ನಷ್ಟೇ ಬಿಟ್ಟುಕೊಟ್ಟವು! 1994ರಲ್ಲಿ ಕೆಫ್ಲಾವಿಕ್ ಮತ್ತು ನ್ಯಾರ್ಡ್‌ವಿಕ್ ಊರುಗಳನ್ನು ಒಂದೇ ಪುರಸಭೆಯಾಗಿ ಸೇರಿಸಲಾಯಿತು. ಆದರೆ ಬಾಸ್ಕೆಟ್‌ಬಾಲಿನಲ್ಲಿ ಎರಡೂ ಕ್ಲಬ್ಬುಗಳು ಬೇರೆಯಾಗಿಯೇ ಉಳಿದು, ಒಂದನ್ನೊಂದು ಸೋಲಿಸುತ್ತಲೇ ಬೆಳೆದವು. ಅಮೆರಿಕದ ಸೇನೆ 2006ರ ಸೆಪ್ಟೆಂಬರಿನಲ್ಲಿ ಆ ನೆಲೆಯನ್ನು ಮುಚ್ಚಿ ಹೊರಟಿತು. ಆಟವನ್ನು ತಂದವರು ಹೋದರು, ಆಡುವವರು ಉಳಿದರು.

ಮೂರನೆಯದು ಕೆ.ಆರ್. ಕಾಲ. 2014ರಿಂದ 2019ರವರೆಗೆ ಸತತ ಆರು ಪ್ರಶಸ್ತಿ ಪಡೆದು ಅದು ತನ್ನ ಒಟ್ಟು ಸಂಖ್ಯೆಯನ್ನು 18ಕ್ಕೆ ಏರಿಸಿಕೊಂಡಿತು. ಹೀಗೆ ಗೆದ್ದವರು ಇನ್ನು ಸೋಲುವುದುಂಟೇ ಎಂದು ನೀವು ಕೇಳಬಹುದು. 2020ರಲ್ಲಿ ಕೋವಿಡ್ ಕಾರಣ ಋತು ಅರ್ಧಕ್ಕೇ ನಿಂತು ಯಾರಿಗೂ ಪ್ರಶಸ್ತಿ ಸಿಗಲಿಲ್ಲ. 2023ರಲ್ಲಿ ಕೆ.ಆರ್. ಮತ್ತು ಐ.ಆರ್. ಎರಡೂ ಅಗ್ರ ವಿಭಾಗದಿಂದ ಕೆಳಗಿಳಿದವು. ಒಟ್ಟಾಗಿ 33 ಸಲ ಚಾಂಪಿಯನ್ ಆದ ಎರಡು ಕ್ಲಬ್ಬುಗಳು ಒಂದೇ ವರ್ಷ ಎರಡನೆಯ ದರ್ಜೆಗೆ ಬಿದ್ದವು. ಹಳೆಯ ಕಪ್‌ಗಳು ಅವುಗಳನ್ನು ಕಾಪಾಡಲಿಲ್ಲ. ಮರುವರ್ಷ ಎರಡೂ ಮೇಲೆ ಬಂದವು. ಕಪಾಟಿನ ಕಪ್‌ಗಳಿಂದಲ್ಲ, ಅಭ್ಯಾಸಕ್ಕೆ ಬರುವುದನ್ನು ಬಿಡದ ಆಟಗಾರರಿಂದ ಮತ್ತು ಕೈಬಿಡದ ಸದಸ್ಯರಿಂದ.

ಆಟಗಾರರ ಸಾಲು

ಐಸ್‌ಲ್ಯಾಂಡಿನ ಕ್ರೀಡಾ ಪತ್ರಕರ್ತರು 1956ರಿಂದ ಪ್ರತಿ ವರ್ಷ ಎಲ್ಲ ಕ್ರೀಡೆಗಳಿಂದ ಒಬ್ಬರನ್ನು ವರ್ಷದ ಕ್ರೀಡಾಪಟುವಾಗಿ ಆರಿಸುತ್ತಾರೆ. 1966ರಲ್ಲಿ ಈ ಗೌರವ ಕೆ.ಆರ್. ಕ್ಲಬ್ಬಿನ ಕೊಲ್ಬೈನ್ ಪಾಲ್ಸನ್ ಅವರಿಗೆ ಸಂದಿತು. ಮುಂದೆ ಅವರು ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಆದರು. ಆಟದಿಂದ ಪಡೆದದ್ದನ್ನು ಆಟಕ್ಕೇ ಹಿಂದಿರುಗಿಸಿದವರು ಅವರು. ಅದೇ ಗೌರವ ಮತ್ತೆ ಬಾಸ್ಕೆಟ್‌ಬಾಲಿಗೆ ಒಲಿಯಲು 2014ರವರೆಗೆ, ಅಂದರೆ 48 ವರ್ಷ ಕಾಯಬೇಕಾಯಿತು.

ಈ ನಡುವೆ ಬಂದವರು ಪೇಟುರ್ ಗುಡ್‌ಮುಂಡ್ಸನ್. ಎತ್ತರ 218 ಸೆಂಟಿಮೀಟರ್. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಡಿದ ಅವರನ್ನು 1981ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಆರಿಸಿಕೊಂಡಿತು. ಅಮೆರಿಕದ ಎನ್.ಬಿ.ಎ. ಲೀಗಿನಲ್ಲಿ ಆಡಿದ ಮೊದಲ ಐಸ್‌ಲ್ಯಾಂಡ್ ಆಟಗಾರ ಅವರೇ. ಪೋರ್ಟ್‌ಲ್ಯಾಂಡ್, ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಸ್ಯಾನ್ ಆಂಟೋನಿಯೊ ತಂಡಗಳಿಗಾಗಿ ಒಟ್ಟು 150 ಪಂದ್ಯಗಳನ್ನು ಆಡಿದರು. ಆದರೆ ಎನ್.ಬಿ.ಎ. ವೃತ್ತಿಪರರು ರಾಷ್ಟ್ರೀಯ ತಂಡಗಳಲ್ಲಿ ಆಡಬಾರದೆಂಬ ಅಂತಾರಾಷ್ಟ್ರೀಯ ನಿಯಮ 1989ರವರೆಗೆ ಜಾರಿಯಲ್ಲಿತ್ತು. ದೇಶದ ಅತ್ಯಂತ ಹೆಸರುವಾಸಿ ಆಟಗಾರನಿಗೆ ತನ್ನ ಉತ್ತುಂಗದ ವರ್ಷಗಳಲ್ಲೇ ದೇಶದ ಅಂಗಿ ತೊಡುವ ಭಾಗ್ಯವಿರಲಿಲ್ಲ. 2001ರಲ್ಲಿ ರಾಷ್ಟ್ರೀಯ ಸಂಸ್ಥೆ ಅವರನ್ನೇ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಪುರುಷ ಆಟಗಾರನೆಂದು ಗೌರವಿಸಿತು.

ಊರಿನಲ್ಲೇ ಉಳಿದು ಬೆಳೆದವರಿಗೆ ಟೇಟುರ್ ಓರ್ಲಿಗ್ಸನ್ ಒಳ್ಳೆಯ ಉದಾಹರಣೆ. ನ್ಯಾರ್ಡ್‌ವಿಕ್ ಪರವಾಗಿ 1984ರಿಂದ 2002ರ ನಡುವೆ 10 ಸಲ ಚಾಂಪಿಯನ್, ನಾಲ್ಕು ಸಲ ಲೀಗಿನ ಶ್ರೇಷ್ಠ ಸ್ವದೇಶಿ ಆಟಗಾರ. ‘ಸ್ವದೇಶಿ’ ಎಂಬ ಪದವನ್ನು ಗಮನಿಸಿ. ಅಲ್ಲಿನ ಕ್ಲಬ್ಬುಗಳು 1970ರ ದಶಕದಿಂದ ಅಮೆರಿಕದ ಆಟಗಾರರನ್ನು ಕರೆತರುತ್ತಿದ್ದವು. ಹೊರಗಿನವರು ಬಂದರೆ ಆಟದ ಮಟ್ಟ ಏರುತ್ತದೆ, ಆದರೆ ನಮ್ಮ ಹುಡುಗರು ಬೆಂಚಿನ ಮೇಲೆ ಕೂರಬೇಕಾಗುತ್ತದೆ ಎಂಬ ಚರ್ಚೆ ನಡೆಯುತ್ತಲೇ ಇತ್ತು. 1980ರ ದಶಕದಲ್ಲಿ ಕೆಲವು ವರ್ಷ ವಿದೇಶಿಯರನ್ನು ನಿಷೇಧಿಸಿಯೂ ನೋಡಿದರು, ಮತ್ತೆ ಬಾಗಿಲು ತೆರೆದರು. ಸ್ವದೇಶಿಯರಿಗೂ ವಿದೇಶಿಯರಿಗೂ ಬೇರೆ ಬೇರೆ ಪ್ರಶಸ್ತಿ ಕೊಡುವ ಪದ್ಧತಿಯಲ್ಲಿ ಈ ಹೊಯ್ದಾಟದ ಗುರುತು ಕಾಣುತ್ತದೆ.

2014ರ ಕ್ರೀಡಾಪಟು ಯೋನ್ ಆರ್ನೋರ್ ಸ್ಟೆಫಾನ್ಸನ್. ರಷ್ಯಾದ ಡೈನಮೊ ಸೇಂಟ್ ಪೀಟರ್ಸ್‌ಬರ್ಗ್ ತಂಡದೊಂದಿಗೆ 2005ರಲ್ಲಿ ಯುರೋಪಿನ ಒಂದು ಕಪ್, ನೇಪಲ್ಸ್ ತಂಡದೊಂದಿಗೆ 2006ರ ಇಟಲಿ ಕಪ್, ಕೆ.ಆರ್. ಪರವಾಗಿ ಹಲವು ರಾಷ್ಟ್ರೀಯ ಪ್ರಶಸ್ತಿ. ದೇಶದ ವರ್ಷದ ಬಾಸ್ಕೆಟ್‌ಬಾಲ್ ಆಟಗಾರನಾಗಿ 12 ಸಲ ಆಯ್ಕೆ. 2014ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬ್ರಿಟನ್ ತಂಡವನ್ನು ಸೋಲಿಸಿ ಐಸ್‌ಲ್ಯಾಂಡ್ ಮೊದಲ ಸಲ ಯುರೋಪಿಯನ್ ಚಾಂಪಿಯನ್‌ಷಿಪ್ಪಿಗೆ ದಾರಿ ಮಾಡಿಕೊಂಡಾಗ ಅವರು ಆ ತಂಡದ ಬೆನ್ನೆಲುಬಾಗಿದ್ದರು.

ವಿದ್ಯಾರ್ಥಿಗಳು ಟ್ರಿಗ್ವಿ ಹ್ಲಿನಾಸನ್ ಅವರ ಕಥೆಯನ್ನೂ ತಿಳಿಯಬೇಕು. ಉತ್ತರದ ಒಳನಾಡಿನ ಕುರಿ ಸಾಕುವ ಮನೆಯ ಹುಡುಗ. ಓದಲೆಂದು ಅಕುರೇರಿ ಪಟ್ಟಣಕ್ಕೆ ಬಂದ ಮೇಲೆ, ಹದಿಹರೆಯದ ಕೊನೆಯ ವರ್ಷಗಳಲ್ಲಿ ಅವನು ಈ ಆಟವನ್ನು ಕಲಿತ. ಕೆಲವೇ ವರ್ಷಗಳಲ್ಲಿ, 2017ರಲ್ಲಿ, ಸ್ಪೇನಿನ ವೆಲೆನ್ಸಿಯಾ ಕ್ಲಬ್ ಸೇರಿದ. 2025ರಲ್ಲಿ ಬಿಲ್ಬಾವೊ ತಂಡದೊಂದಿಗೆ ಫಿಬಾ ಯುರೋಪ್ ಕಪ್ ಗೆದ್ದ. ಎತ್ತರ ದೇವರು ಕೊಟ್ಟದ್ದು, ನಿಜ. ಆದರೆ ತಡವಾಗಿ ಬಂದವನಿಗೂ ಕಲಿಸಲು ಆ ಪಟ್ಟಣದಲ್ಲಿ ಒಂದು ಶಾಲೆ, ಒಂದು ಕ್ಲಬ್ ಮತ್ತು ಒಬ್ಬ ತರಬೇತುದಾರ ಇಲ್ಲದಿದ್ದರೆ ಆ ಎತ್ತರ ಕುರಿದೊಡ್ಡಿಯಲ್ಲೇ ಉಳಿಯುತ್ತಿತ್ತು.

ಸಣ್ಣ ಊರುಗಳ ಸರದಿ

ದೊಡ್ಡ ಕ್ಲಬ್ಬುಗಳ ನಡುವೆ ಕೆಲವು ಚಿಕ್ಕ ಹೆಸರುಗಳೂ ಪಟ್ಟಿಯಲ್ಲಿವೆ. 2010ರಲ್ಲಿ ಗೆದ್ದದ್ದು ಸ್ನೈಫೆಲ್. ಅದರ ಊರು ಸ್ಟಿಕ್ಕಿಶೋಲ್ಮುರ್, ಜನಸಂಖ್ಯೆ ಸುಮಾರು 1,100. ನಿರ್ಣಾಯಕ ಐದನೆಯ ಪಂದ್ಯದಲ್ಲಿ ಕೆಫ್ಲಾವಿಕ್ ತಂಡವನ್ನು ಅದರ ಊರಿನಲ್ಲೇ ಸೋಲಿಸಿದರು. ನಾಯಕ ಹ್ಲಿನುರ್ ಬೈರಿಂಗ್ಸನ್ ಅಂತಿಮ ಹಂತದ ಶ್ರೇಷ್ಠ ಆಟಗಾರರಾದರು. 2021ರಲ್ಲಿ ಬಂದರು ಊರು ಥೋರ್ಲಾಕ್ಸ್‌ಹೋಪ್ನ್‌ನ ಥೋರ್ ಕ್ಲಬ್ ಗೆದ್ದಿತು. 2023ರಲ್ಲಿ ಉತ್ತರದ ಸೌದಾರ್‌ಕ್ರೋಕುರ್ ಊರಿನ ಟಿಂಡಸ್ಟೋಲ್ ಕ್ಲಬ್, ಐದನೆಯ ಪಂದ್ಯದಲ್ಲಿ 82–81ರಿಂದ, ಒಂದೇ ಅಂಕದ ಅಂತರದಲ್ಲಿ ವಾಲುರ್ ಕ್ಲಬ್ಬನ್ನು ಸೋಲಿಸಿತು. ಈ ಟಿಂಡಸ್ಟೋಲ್ 1907ರಲ್ಲಿ ಸ್ಥಾಪನೆಯಾದ ಯುವಕ ಸಂಘ. ಮೊದಲ ಪ್ರಶಸ್ತಿ ಬರುವ ಹೊತ್ತಿಗೆ ಸಂಘಕ್ಕೆ 116 ವರ್ಷ! 2025ರಲ್ಲಿ ರಾಜಧಾನಿಯ ಪಕ್ಕದ ಗಾರ್ದಬೈರ್‌ನ ಸ್ಟ್ಯಾರ್ನನ್ ಮೊದಲ ಸಲ ಚಾಂಪಿಯನ್ ಆಯಿತು.

ಅಲ್ಲಿನ ಕ್ಲಬ್ ಎಂದರೆ ಬರೀ ಒಂದು ತಂಡವಲ್ಲ ಎಂಬುದನ್ನು ನೀವು ಗಮನಿಸಬೇಕು. ಅದು ಊರಿನ ಸಂಘ. ಒಂದೇ ಸಂಘದಡಿ ಹಲವು ಕ್ರೀಡೆಗಳು, ಪುಟ್ಟ ಮಕ್ಕಳಿಂದ ಹಿಡಿದು ಹಿರಿಯರವರೆಗಿನ ತಂಡಗಳು. ಪ್ರಶಸ್ತಿ ಗೆಲ್ಲುವ ಹತ್ತು ಹನ್ನೆರಡು ಮಂದಿ ಆ ಸಂಘದ ತುದಿಯಲ್ಲಿ ಕಾಣುವ ಭಾಗ ಮಾತ್ರ.

ಕಪ್ ಇಲ್ಲದ ಗೆಲುವು

ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯನ್ನು ಈಗ ಹೇಳಬೇಕು. ಗ್ರಿಂಡಾವಿಕ್ 1996, 2012 ಮತ್ತು 2013ರ ಚಾಂಪಿಯನ್. 2023ರ ನವೆಂಬರ್ 10ರ ರಾತ್ರಿ, ನೆಲದಡಿ ಶಿಲಾಪಾಕ ನುಗ್ಗಿ ಭೂಕಂಪಗಳು ಎಡೆಬಿಡದೆ ನಡುಗಿಸುತ್ತಿದ್ದಾಗ, ಸುಮಾರು 3,800 ಜನರ ಆ ಇಡೀ ಊರನ್ನು ತೆರವುಗೊಳಿಸಲಾಯಿತು. 2024ರ ಜನವರಿ 14ರಂದು ಲಾವಾ ಊರೊಳಗೆ ಬಂದು ಮೂರು ಮನೆಗಳನ್ನು ಸುಟ್ಟಿತು. ಜನ ದೇಶದ ನಾನಾ ಕಡೆ ಚದುರಿಹೋದರು. ಮನೆಯಿಲ್ಲ, ಬೀದಿಯಿಲ್ಲ, ಶಾಲೆಯಿಲ್ಲ. ಆದರೆ ಬಾಸ್ಕೆಟ್‌ಬಾಲ್ ತಂಡ ಉಳಿಯಿತು. ಕೋಪಾವೋಗುರ್ ನಗರದ ಕ್ರೀಡಾಂಗಣವನ್ನು ತಾತ್ಕಾಲಿಕ ತವರಾಗಿಸಿಕೊಂಡು ಅದು ಆಡಿತು. ಚದುರಿದ ಊರಿನವರಿಗೆ ಮತ್ತೆ ಒಂದೆಡೆ ಸೇರಲು ಆ ಪಂದ್ಯಗಳೇ ನೆಪವಾದವು. ಅದೇ ಋತುವಿನಲ್ಲಿ ಗ್ರಿಂಡಾವಿಕ್ ಫೈನಲ್ ತಲುಪಿ, 2024ರ ಮೇ ತಿಂಗಳಲ್ಲಿ ಐದನೆಯ ಪಂದ್ಯದವರೆಗೆ ಹೋರಾಡಿ, ವಾಲುರ್ ಎದುರು 3–2ರಿಂದ ಸೋತಿತು.

ಪಟ್ಟಿಯಲ್ಲಿ 2024ರ ಮುಂದೆ ವಾಲುರ್ ಎಂದಷ್ಟೇ ಇದೆ. ಅದು ಸರಿಯೇ, ಗೆದ್ದವರು ಅವರು. ಆದರೆ ಆ ವರ್ಷದ ಇತಿಹಾಸವನ್ನು ಬರೆಯುವವರು ಸೋತವರನ್ನು ಬಿಟ್ಟರೆ ಅರ್ಧ ಸತ್ಯವನ್ನಷ್ಟೇ ಬರೆದಂತಾಗುತ್ತದೆ.

ರಾಷ್ಟ್ರೀಯ ತಂಡದ ಕಥೆಯೂ ಹೀಗೆಯೇ. ಐಸ್‌ಲ್ಯಾಂಡ್ 2015, 2017 ಮತ್ತು 2025ರ ಯುರೋಪಿಯನ್ ಚಾಂಪಿಯನ್‌ಷಿಪ್ಪುಗಳಲ್ಲಿ ಆಡಿ, 15 ಪಂದ್ಯಗಳಲ್ಲಿ ಹದಿನೈದನ್ನೂ ಸೋತಿತು. ಅಂಕಿ ಮಾತ್ರ ನೋಡುವವರಿಗೆ ಇದು ಶೂನ್ಯ. ಆದರೆ 2015ರಲ್ಲಿ ಬರ್ಲಿನ್‌ನಲ್ಲಿ ಆತಿಥೇಯ ಜರ್ಮನಿಯ ಎದುರು ಸೋತದ್ದು ಆರೇ ಅಂಕಗಳಿಂದ, ಇಟಲಿಯ ಎದುರು ಏಳರಿಂದ. 2025ರ ಫೆಬ್ರವರಿಯಲ್ಲಿ ಅರ್ಹತಾ ಪಂದ್ಯದಲ್ಲಿ ಐಸ್‌ಲ್ಯಾಂಡ್ ಸೋಲಿಸಿದ ತುರ್ಕಿ ತಂಡ ಅದೇ ವರ್ಷ ಆ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಪದಕ ಪಡೆಯಿತು. ಕೋಟಿಗಟ್ಟಲೆ ಜನರಿರುವ ಎಷ್ಟೋ ದೇಶಗಳು ತಲುಪದ ಅಂಗಣವನ್ನು 4 ಲಕ್ಷದೊಳಗಿನ ಜನ ಮೂರು ಸಲ ತಲುಪಿದರು.

ಮಿತ್ರರೇ, ಮುಂದೆ ನೀವು ಯಾವುದೇ ಪ್ರಶಸ್ತಿ ಪಟ್ಟಿಯನ್ನು ಓದುವಾಗ, ಅದು ಕ್ರೀಡೆಯದಾಗಲಿ, ಪರೀಕ್ಷೆಯ ರ‍್ಯಾಂಕಿನದಾಗಲಿ, ಹೆಸರಿನ ಪಕ್ಕ ಇನ್ನೊಂದು ಪ್ರಶ್ನೆಯನ್ನು ಬರೆದುಕೊಳ್ಳಿ. ಇವರಿಗೆ ಕಲಿಸಿದವರು ಯಾರು? ಬಾಗಿಲು ತೆರೆದಿಟ್ಟವರು ಯಾರು? ಸೋತ ವರ್ಷಗಳಲ್ಲೂ ಚಂದಾ ಕೊಟ್ಟು, ದೀಪ ಹಚ್ಚಿ, ಮಕ್ಕಳನ್ನು ಕರೆತಂದವರು ಯಾರು? ಸಂಘಗಳ ಸದಸ್ಯರಾದ ಹಿರಿಯರಿಗೂ ಇದು ಅನ್ವಯಿಸುತ್ತದೆ. ಟಿಂಡಸ್ಟೋಲ್ ಸಂಘವನ್ನು 1907ರಲ್ಲಿ ಕಟ್ಟಿದವರಲ್ಲಿ ಒಬ್ಬರೂ 2023ರ ಕಪ್ಪನ್ನು ನೋಡಲಿಲ್ಲ. ಆದರೂ ಅವರ ಕೆಲಸ ಇಲ್ಲದೆ ಆ ಕಪ್ ಆ ಊರಿಗೆ ಬರುತ್ತಿರಲಿಲ್ಲ.