ಮಾಣಿ ಹೋಗಿ ಸರ್ವರ್ ಬಂದ

ಪಡಿತರ ಅಂಗಡಿಯವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಚಾಮರಾಜಪೇಟೆಯ ಅಜ್ಜಿಗೂ ಈಗ ವಿವರಣೆ ಬೇಡ. ಇದೇ ಮಾತನ್ನು ಹಿಂದೆ ಹೋಟೆಲಿನ ಗಲ್ಲಾದಿಂದ ಕೇಳಿದ್ದರೆ, ಬಡಿಸುವ ಹುಡುಗ ಊರಿಗೆ ಹೋಗಿದ್ದಾನೆ ಅಂತ ಅರ್ಥ.

ಅವನಿಗೂ ಮೊದಲು ಇದ್ದವನು ಮಾಣಿ. ಮಾಣಿ ಅಂದರೆ ವಟು, ಹುಡುಗ. ಹವ್ಯಕರ ಮನೆಗಳಲ್ಲಿ ಇಂದಿಗೂ ಗಂಡುಮಗು ಮಾಣಿಯೇ. ಕರಾವಳಿಯ ಹುಡುಗರು ಘಟ್ಟ ಹತ್ತಿ ಬಂದು ಹೋಟೆಲು ಸೇರಿದ ಮೇಲೆ ಮಾಣಿ ಎಂಬುದು ಕೆಲಸದ ಹೆಸರಾಯಿತು. ನಡುವಯಸ್ಸಿನವರನ್ನೂ ‘ಏ ಮಾಣಿ’ ಅನ್ನುವುದು ಒರಟೆನಿಸಿತೋ ಏನೋ, ಸಪ್ಲೈಯರ್, ಸರ್ವರ್ ಬಂದವು. ತಮಾಷೆಯೆಂದರೆ, ಲ್ಯಾಟಿನ್ನಿನಲ್ಲಿ ಗುಲಾಮಗಿರಿಯ ನಂಟಿದ್ದ ಪದ ಇಲ್ಲಿ ಮರ್ಯಾದೆಯದಾಯಿತು.

ಗಣಕದ ಸರ್ವರ್ ಹುಟ್ಟಿದ್ದು ಕ್ಯೂನಲ್ಲಿ. ಟೆಲಿಫೋನ್ ಕರೆಗಳ ದಟ್ಟಣೆಗೆ 1909ರಲ್ಲಿ ಗಣಿತ ಹೂಡಿದ ಡೆನ್ಮಾರ್ಕಿನ ಎರ್ಲಾಂಗ್ ಸೇವೆ ಕೊಡುವವರನ್ನು ‘ಆಪರೇಟರ್’ ಅಂದಿದ್ದ. ಗಣಿತಜ್ಞ ಕೆಂಡಾಲ್ 1953ರಲ್ಲಿ ಸರತಿಯ ಗಣಿತದಲ್ಲಿ ‘ಸರ್ವರ್’ ಅಂದ. 1969ರ ಹೊತ್ತಿಗೆ ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ಟಿನ ಕಾಗದಗಳಲ್ಲೂ ಅದೇ ಪದ.

ಹೋಟೆಲಿನ ಸರ್ವರಿನದೂ ಗಣಕದ ಸರ್ವರಿನದೂ ಸ್ವಭಾವ ಮಾತ್ರ ಬೇರೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಿ ಸರ್ವರ್ ಏನೂ ಬರೆದುಕೊಳ್ಳದೆ ಆರ್ಡರ್ ಕೇಳಿ, ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತಾನೆ. ಯಾವುದು ಯಾರಿಗೆ ಅನ್ನುವುದೆಲ್ಲ ಅವನ ತಲೆಯಲ್ಲಿ. ದರ್ಶಿನಿಯಲ್ಲಿ ಹಾಗಲ್ಲ, ಚೀಟಿ ನಿಮ್ಮ ಕೈಯಲ್ಲಿ. ದೋಸೆ ಕೊಡುವವನು ಚೀಟಿ ನೋಡುತ್ತಾನೆ, ನಿಮ್ಮ ಮುಖವನ್ನಲ್ಲ. ಅವನು ಹೋಗಿ ಇನ್ನೊಬ್ಬ ನಿಂತರೂ ದೋಸೆ ತಪ್ಪುವುದಿಲ್ಲ.

ಸಾಫ್ಟ್‌ವೇರಿನವರು ‘ಸ್ಟೇಟ್‌ಲೆಸ್’ ಅನ್ನುವುದು ದರ್ಶಿನಿಯ ಈ ಮರೆವನ್ನೇ; ಗಣಕದ ಸರ್ವರಿನದೂ ಇದೇ ದಾರಿ. ಬ್ಯಾಂಕು, ಟಿಕೆಟ್ಟಿನ ವ್ಯವಹಾರ ಇಂಟರ್ನೆಟ್ಟಿಗೆ ಬಂದಾಗ, ಪ್ರತಿ ಗಿರಾಕಿಗೂ ಸರ್ವರಿನಲ್ಲೊಂದು ಆಬ್ಜೆಕ್ಟ್, ಅಂದರೆ ಅವನ ವಿವರಗಳ ಗಂಟು, ಕಾದು ಕೂತರೆ ಜನ ಹೆಚ್ಚಿದಂತೆ ಮೆಮೊರಿ ಮುಗಿಯುತ್ತಿತ್ತು. ಆ ಯಂತ್ರ ಕೆಟ್ಟರೆ ವ್ಯವಹಾರವೂ ಹೋಯಿತು. ಹಾಗಾಗಿ ಕೆಲಸ ಮುಗಿಸು, ಮರೆತುಬಿಡು, ನೆನಪಿಡಬೇಕಾದ್ದು ಡೇಟಾಬೇಸಿನಲ್ಲಿರಲಿ. ಗಿರಾಕಿಯ ಕೈಚೀಟಿಗೆ 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ಕುಕಿ ಎಂಬ ಉಪಾಯ ತಂದ. 2000ದಲ್ಲಿ ರಾಯ್ ಫೀಲ್ಡಿಂಗ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಈ ಮರೆವನ್ನೇ ನಿಯಮ ಮಾಡಿ, ವೆಬ್ ವ್ಯವಸ್ಥೆ ಕಟ್ಟುವ ‘ರೆಸ್ಟ್’ ಶೈಲಿಯಲ್ಲಿ ಅದಕ್ಕೆ ಜಾಗ ಕೊಟ್ಟ.

ಕನ್ನಡೀಕರಣದವರು ಸರ್ವರಿಗೆ ‘ಪರಿಚಾರಕ’, ‘ಪೂರೈಕೆಗಣಕ’ ಎಂದೆಲ್ಲ ಹೆಸರಿಟ್ಟು ನೋಡಿದರು. ಶ್ರಮ ದೊಡ್ಡದು, ಆದರೆ ಪಡಿತರದ ಸಾಲಿನಲ್ಲಿ ನಿಂತವರು ಯಾರೂ ಹಾಗೆ ಹೇಳುವುದಿಲ್ಲ. ನಿಘಂಟಿನಲ್ಲಿ ‘ಸರ್ವರ್’ ಎಂದೇ ಬರೆದು, ಎರಡೂ ಅರ್ಥ ಕೊಟ್ಟರೆ ಸಾಕು.